ಜಪಾನಿನ ಕ್ರೈಸ್ತ ವಿಶ್ವಾಸಿಯ ಮನೆಯಲ್ಲಿ ಹತ್ತು ದಿನ: ಮಿಷನ್ ಯಾತ್ರೆಯ ಅತಿಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಭೆಯ, ಅಂದರೆ ಚರ್ಚಿನ, ತಂಡದ ಜೊತೆ ಹತ್ತು ದಿನ ಜಪಾನಿಗೆ ಹೋಗಿಬಂದವರು ಬಹುಪಾಲು ಒಂದೇ ಮಾತು ಹೇಳುತ್ತಾರೆ: "ತುಂಬಾ ಚೆನ್ನಾಗಿ ನೋಡಿಕೊಂಡರು. ಆದರೆ ಎಲ್ಲೋ ಏನೋ ತಪ್ಪು ಮಾಡಿದೆವು ಅನ್ನಿಸಿತು. ಏನೆಂದು ಅವರು ಹೇಳಲಿಲ್ಲ." ಅವರು ಹೇಳುವುದೂ ಇಲ್ಲ. ಹೀಗಾಗಿ ಮುಂದಿನ ತಂಡವೂ ಅದೇ ತಪ್ಪನ್ನು ಹೊತ್ತುಕೊಂಡು ವಿಮಾನ ಹತ್ತುತ್ತದೆ. ನಾನು ಎರಡು ಸಲ ತಂಡ ಕರೆದುಕೊಂಡು ಸೆಂಡೈ ನಗರದ ಹೊರವಲಯದ ಮನೆಗಳಲ್ಲಿ ಉಳಿದಿದ್ದೇನೆ. ಮೊದಲ ಸಲ ಮಾಡಿದ ತಪ್ಪುಗಳೇ ಈ ಬರಹಕ್ಕೆ ಬಂಡವಾಳ.

ನಮ್ಮ ಕಡೆ ಅತಿಥಿ ಸತ್ಕಾರ ಶುರುವಾಗುವುದು ಅತಿಥಿ ಬಂದ ಮೇಲೆ. ನಾಲ್ವರ ಅಡುಗೆಗೆ ಆರು ಜನ ಬಂದರೆ ಸಾರಿಗೆ ಎರಡು ಲೋಟ ನೀರು ಬೀಳುತ್ತದೆ, ಎಲ್ಲರ ಊಟವೂ ಆಗುತ್ತದೆ. ಜಪಾನಿನ ಮನೆಯಲ್ಲಿ ನೀವು ಬಾಗಿಲು ತಟ್ಟುವ ಹೊತ್ತಿಗೆ ಸತ್ಕಾರದ ಮುಕ್ಕಾಲು ಭಾಗ ಮುಗಿದಿರುತ್ತದೆ. ಐದು ಜನಕ್ಕೆ ಐದು ತುಂಡು ಮೀನು ಬಂದಿರುತ್ತದೆ, ಸ್ನಾನದ ಸರದಿ ಗೊತ್ತಾಗಿರುತ್ತದೆ, ಹಾಸಿಗೆ ಬಿಸಿಲು ಕಂಡಿರುತ್ತದೆ. ಆದ್ದರಿಂದ ಕೆಳಗಿನ ಎಲ್ಲ ಹಂತಗಳಿಗೂ ಬುಡ ಒಂದೇ: ಹೇಳಬೇಕಾದ್ದನ್ನೆಲ್ಲ ಹೊರಡುವ ಮೊದಲೇ ಹೇಳಿ, ಹೋದ ಮೇಲೆ ಏನನ್ನೂ ಬದಲಿಸಬೇಡಿ.

ಹಂತ 1: ಎರಡು ತಿಂಗಳ ಮೊದಲು, ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಪಾವಧಿಯ ಭೇಟಿಗೂ ವೀಸಾ ಬೇಕು. ಆಹ್ವಾನಿಸುವ ಸಭೆಯಿಂದ ಆಹ್ವಾನದ ಕಾರಣ ತಿಳಿಸುವ ಪತ್ರ ಮತ್ತು ದಿನವಾರು ಕಾರ್ಯಕ್ರಮ ಪಟ್ಟಿ ತರಿಸಿಕೊಳ್ಳಿ. ಖರ್ಚು ಅವರದಾಗಿದ್ದರೆ ಖಾತರಿ ಪತ್ರವೂ ಬೇಕಾಗುತ್ತದೆ. ಉದ್ದೇಶವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಸುಲಭವಾಗಲೆಂದು ಬರೀ ಪ್ರವಾಸ ಎಂದು ತುಂಬಿದರೆ, ವಲಸೆ ಅಧಿಕಾರಿ ಕೇಳಿದಾಗ ಉತ್ತರ ಕೊಡಬೇಕಾದವರು ನಿಮಗೆ ಪತ್ರ ಬರೆದ ಪಾಸ್ಟರ್.

ತಂಡದ ಪಟ್ಟಿಯಲ್ಲಿ ಹೆಸರು, ವಯಸ್ಸು, ಗಂಡು ಹೆಣ್ಣು ಇದ್ದರೆ ಸಾಲದು. ನೆಲದ ಮೇಲೆ ಮಲಗಿ ಏಳಲು ಕಷ್ಟವಾಗುವ ಮಂಡಿ, ಮೆಟ್ಟಿಲು ಹತ್ತಲಾಗದವರು, ನಾಯಿ ಬೆಕ್ಕಿನ ಅಲರ್ಜಿ, ಜೋರು ಗೊರಕೆ, ಎಲ್ಲವನ್ನೂ ಬರೆಯಿರಿ. ಗೊರಕೆ ಎಂದರೆ ನಗಬೇಡಿ. ಕೋಣೆಗಳ ನಡುವೆ ಕಾಗದದ ಬಾಗಿಲು ಮಾತ್ರ ಇರುವ ಮನೆಗಳಿವೆ. ಒಬ್ಬರು ಯಾತ್ರೆ ಕೈಬಿಟ್ಟರೆ ಅದೇ ದಿನ ತಿಳಿಸಿ. ಕೊನೆಯ ಗಳಿಗೆಯಲ್ಲಿ "ಇನ್ನೊಬ್ಬ ಸಹೋದರರೂ ಬರುತ್ತಿದ್ದಾರೆ" ಎಂದು ಬರೆಯುವುದಂತೂ ಬೇಡವೇ ಬೇಡ.

ಆತಿಥೇಯರ ವಿಳಾಸವನ್ನು ಜಪಾನಿ ಲಿಪಿಯಲ್ಲೇ ಮುದ್ರಿಸಿ ಪ್ರತಿಯೊಬ್ಬರ ಜೇಬಿನಲ್ಲೂ ಇಡಿ. ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ, ದಾರಿ ತಪ್ಪಿದಾಗ ಟ್ಯಾಕ್ಸಿಯವರೂ ಕೇಳುತ್ತಾರೆ.

ಹಂತ 2: ಊಟದ ಚೀಟಿ

ಅತಿ ಹೆಚ್ಚು ತಂಡಗಳು ಎಡವುವುದು ಇಲ್ಲಿ. ಆತಿಥೇಯರು ಇಮೇಲ್‌ನಲ್ಲಿ, ತಿನ್ನಲಾಗದ ಪದಾರ್ಥ ಏನಾದರೂ ಇದೆಯೇ ಎಂದು ಕೇಳುತ್ತಾರೆ. ನಾವು ಮರ್ಯಾದೆಗೆ, "ಏನು ಕೊಟ್ಟರೂ ಸಂತೋಷ" ಎಂದು ಬರೆದುಬಿಡುತ್ತೇವೆ. ಅವರು ಅದನ್ನು ಅಕ್ಷರಶಃ ನಂಬುತ್ತಾರೆ. ಮೊದಲ ಸಂಜೆ ಮೇಜಿನ ಮೇಲೆ ಹಸಿ ಮೀನು, ಮರುದಿನ ಬೆಳಿಗ್ಗೆ ನೂಲು ನೂಲಾಗಿ ಎಳೆಯುವ ಹುದುಗಿದ ಸೋಯಾ ಕಾಳು, ಅಂದರೆ ನಾತ್ತೊ. ತಂಡದ ಅರ್ಧ ಜನ ತಟ್ಟೆ ನೋಡಿಕೊಂಡು ಕೂರುತ್ತಾರೆ. ಮನೆಯ ಅಮ್ಮ ತನ್ನ ಅಡುಗೆಯೇ ಸರಿಯಿಲ್ಲವೆಂದು ಕೊರಗುತ್ತಾಳೆ.

ಚೀಟಿಯಲ್ಲಿ ಮೂರು ಸಾಲು ಸಾಕು: ಖಂಡಿತ ತಿನ್ನುವುದು, ತಿನ್ನದೇ ಇರುವುದು, ತಿಂದರೆ ಕಾಯಿಲೆ ಬೀಳುವುದು. ಮೀನು ಎಂದಷ್ಟೇ ಬರೆಯದೆ ಬೇಯಿಸಿದ್ದೋ ಹಸಿಯದೋ ಬಿಡಿಸಿ ಹೇಳಿ. ಹಂದಿ, ದನ, ಮೊಟ್ಟೆ ಒಂದೊಂದನ್ನೂ ಹೆಸರಿಸಿ.

ತಂಡದಲ್ಲಿ ಸಸ್ಯಾಹಾರಿ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಜಪಾನಿ ಅಡುಗೆಯ ಬೆನ್ನೆಲುಬು ದಾಶಿ ಎಂಬ ತಿಳಿ ಕಟ್ಟು. ಅದನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಎಸಳಿನಿಂದ ತೆಗೆಯುತ್ತಾರೆ. ಮಿಸೊ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ನೂಡಲ್ಸ್ ರಸದಲ್ಲಿ ಅದು ಕಣ್ಣಿಗೆ ಕಾಣದೆ ಇರುತ್ತದೆ. ಕೊಂಬು ಎಂಬ ಕಡಲಕಳೆಯ ದಾಶಿಯೂ ಉಂಟು. "ಮೀನಿನ ದಾಶಿ ಬೇಡ, ಕೊಂಬು ದಾಶಿ ಆಗುತ್ತದೆ" ಎಂದು ಬರೆದರೆ ಅಡುಗೆಮನೆಯಲ್ಲಿರುವವರಿಗೆ ಕೆಲಸ ಸುಲಭ. ಕಳಿಸಿದ ಚೀಟಿಗೆ ಕೊನೆಯ ದಿನದವರೆಗೂ ಬದ್ಧರಾಗಿರಿ. ಮೊಟ್ಟೆ ತಿನ್ನುವುದಿಲ್ಲ ಎಂದು ಬರೆದವರು ಮೂರನೇ ದಿನ ಕೇಕು ತಿಂದರೆ, ಎರಡು ದಿನ ಅವರಿಗೆಂದೇ ಬೇರೆ ಬೇಯಿಸಿದವರಿಗೆ ಏನನ್ನಿಸಬೇಕು?

ಹಂತ 3: ಪೆಟ್ಟಿಗೆ ಕಟ್ಟುವುದು

ಬೇಕಾದವು: ತೂತಿಲ್ಲದ ಕಾಲುಚೀಲ ದಿನಕ್ಕೊಂದು ಜೊತೆ, ಲೇಸಿಲ್ಲದ ಶೂ, ತೆಳು ಟವೆಲ್ ಎರಡು, ಒಂದು ಹಳೆಯ ಬಟ್ಟೆ ತುಂಡು, ಸ್ವಂತ ಕಸಕ್ಕೆ ಎರಡು ಮೂರು ಪ್ಲಾಸ್ಟಿಕ್ ಚೀಲ, ಸಣ್ಣ ಟಾರ್ಚ್, ಖಾಲಿ ಲಕೋಟೆ ಮತ್ತು ಕಾರ್ಡುಗಳು. ಚಳಿಗಾಲವಾದರೆ ಒಳಗೆ ಹಾಕುವ ಬೆಚ್ಚನೆಯ ಬಟ್ಟೆ.

ತರಬಾರದವು: ಮಾಂಸದ ಯಾವ ಪದಾರ್ಥವೂ ಬೇಡ. ಮನೆಯಲ್ಲಿ ಪ್ರೀತಿಯಿಂದ ಕಟ್ಟಿಕೊಟ್ಟ ಹಂದಿ ಉಪ್ಪಿನಕಾಯಿಗೂ ವಿನಾಯಿತಿ ಇಲ್ಲ. ತಾಜಾ ಹಣ್ಣು, ಕರಿಬೇವಿನ ಸೊಪ್ಪು ತಪಾಸಣೆಯಲ್ಲೇ ಉಳಿಯುತ್ತವೆ. ನೆಗಡಿ ಮಾತ್ರೆಯ ಹಾಳೆಯನ್ನು ತಿರುಗಿಸಿ ಓದಿ: ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿರುವ ಔಷಧಕ್ಕೆ ಜಪಾನಿನಲ್ಲಿ ನಿಷೇಧವಿದೆ. ಕೊಡೀನ್ ಇರುವ ಕೆಮ್ಮಿನ ಔಷಧಕ್ಕೂ ಮಿತಿ ಇದೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳು ಒಂದು ತಿಂಗಳಿಗಿಂತ ಹೆಚ್ಚಿದ್ದರೆ ಮುಂಚೆಯೇ ಅನುಮತಿ ಪಡೆಯಬೇಕು. ಹತ್ತು ದಿನಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ಚೀಟಿಯ ಸಮೇತ ಅಳತೆಗೆ ತಕ್ಕಷ್ಟು ಒಯ್ಯಿರಿ.

ಉಡುಗೊರೆ ಸಣ್ಣದಿರಲಿ. ದುಬಾರಿ ರೇಷ್ಮೆ ಕೊಟ್ಟರೆ ಅದಕ್ಕೆ ತಕ್ಕ ಮರು ಉಡುಗೊರೆ ಹುಡುಕುವ ಹೊರೆಯನ್ನೂ ಕೊಟ್ಟ ಹಾಗೆ. ಬಿಡಿಬಿಡಿಯಾಗಿ ಸುತ್ತಿರುವ ಸಿಹಿಯ ಡಬ್ಬಿ ಉತ್ತಮ, ಏಕೆಂದರೆ ಅವರು ಅದನ್ನು ನೆರೆಯವರಿಗೂ ಹಂಚುತ್ತಾರೆ. ಮಕ್ಕಳಿದ್ದರೆ ಚನ್ನಪಟ್ಟಣದ ಆಟಿಕೆ, ದೊಡ್ಡವರಿಗೆ ಚಿಕ್ಕಮಗಳೂರಿನ ಕಾಫಿ ಪುಡಿ. ಪುಡಿ ಚಿಕೋರಿ ಬೆರೆಸದ್ದಾಗಿರಲಿ, ಅವರ ಕಾಗದದ ಫಿಲ್ಟರಿನಲ್ಲಿ ಅದು ಚೆನ್ನಾಗಿ ಇಳಿಯುತ್ತದೆ. ನಾಲ್ಕು ಮತ್ತು ಒಂಬತ್ತರ ಲೆಕ್ಕದಲ್ಲಿ ವಸ್ತು ಕೊಡಬೇಡಿ: ನಾಲ್ಕರ ಉಚ್ಚಾರ ಸಾವನ್ನೂ, ಒಂಬತ್ತರದು ನರಳಾಟವನ್ನೂ ನೆನಪಿಸುತ್ತದೆ.

ಹಂತ 4: ಬಾಗಿಲಿನ ಮೊದಲ ಐದು ನಿಮಿಷ

ಸಭೆಯ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮುಂಚೆ ಇರಬೇಕು. ಮನೆಗೆ ಮಾತ್ರ ಹೇಳಿದ ಹೊತ್ತಿಗಿಂತ ಮುಂಚೆ ಕರೆಗಂಟೆ ಒತ್ತಬಾರದು, ಒಳಗೆ ಕೊನೆಯ ಸಿದ್ಧತೆ ನಡೆದಿರುತ್ತದೆ. ತಡವಾಗುವಂತಿದ್ದರೆ ಐದೇ ನಿಮಿಷವಾದರೂ ಸಂದೇಶ ಕಳಿಸಿ. ಕೋಟನ್ನು ಹೊರಗೇ ಕಳಚಿ ತೋಳಿನ ಮೇಲೆ ಹಾಕಿಕೊಳ್ಳಿ.

ಬಾಗಿಲೊಳಗಿನ ತಗ್ಗು ಜಾಗ ಗೆಂಕಾನ್. ಅಲ್ಲಿ ಶೂ ಬಿಟ್ಟು, ಆ ತಗ್ಗಿನ ನೆಲಕ್ಕೆ ಕಾಲುಚೀಲ ತಾಗದಂತೆ ನೇರವಾಗಿ ಮೇಲಿನ ನೆಲಕ್ಕೆ ಹತ್ತಿ. ಆಮೇಲೆ ಪಕ್ಕಕ್ಕೆ ಮಂಡಿಯೂರಿ, ಶೂಗಳ ಮೂತಿ ಬಾಗಿಲ ಕಡೆ ಬರುವಂತೆ ತಿರುಗಿಸಿಡಿ. ಹತ್ತುವಾಗ "ಒಜಾಮ ಶಿಮಸು" ಎನ್ನಿ. ನಿಮಗೆ ತೊಂದರೆ ಕೊಡುತ್ತಿದ್ದೇನೆ ಎಂದು ಅದರ ಅರ್ಥ.

ಸೂಟ್‌ಕೇಸನ್ನು ಉರುಳಿಸಿಕೊಂಡು ಒಳಗೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಬೆಂಗಳೂರಿನ ರಸ್ತೆ ಕಂಡ ಚಕ್ರಗಳವು. ಹಳೆಯ ಬಟ್ಟೆ ತುಂಡು ಇರುವುದೇ ಇದಕ್ಕೆ: ಗೆಂಕಾನಿನಲ್ಲೇ ನಾಲ್ಕೂ ಚಕ್ರ ಒರೆಸಿ, ಎತ್ತಿಕೊಂಡು ಹೋಗಿ. ಎರಡನೇ ಸಲ ನಾನು ಹಾಗೆ ಒರೆಸಿದಾಗ ಮನೆಯ ಅಜ್ಜಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. ನಾನು ತಂದ ಉಡುಗೊರೆಗೂ ಅಷ್ಟು ಅರಳಲಿಲ್ಲ.

ಮನೆಯೊಳಗೆ ಚಪ್ಪಲಿ ಕೊಡುತ್ತಾರೆ. ತತಾಮಿ ಚಾಪೆಯ ಕೋಣೆಗೆ ಅದನ್ನೂ ಬಿಟ್ಟು ಹೋಗಬೇಕು. ಶೌಚಾಲಯಕ್ಕೆ ಬೇರೆಯೇ ಚಪ್ಪಲಿ. ಅದನ್ನು ಹಾಕಿಕೊಂಡೇ ಊಟದ ಕೋಣೆಗೆ ಬಂದುಬಿಡುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ.

ಉಡುಗೊರೆಯನ್ನು ಕೋಣೆಗೆ ಹೋಗಿ ಕುಳಿತ ಮೇಲೆ, ಕೈಚೀಲದಿಂದ ಹೊರಗೆ ತೆಗೆದು, ಎರಡೂ ಕೈಯಲ್ಲಿ ಕೊಡಿ. ಎದುರಿಗೇ ಬಿಚ್ಚದಿದ್ದರೆ ಬೇಸರ ಪಡಬೇಡಿ. ತಬ್ಬಿಕೊಳ್ಳುವುದು ಬೇಡ, ತಲೆಬಾಗಿದರೆ ಸಾಕು.

ಮರುದಿನದಿಂದ ಮನೆಯಿಂದ ಹೊರಡುವಾಗ "ಇತ್ತೆ ಕಿಮಸು", ಮರಳಿದಾಗ "ತದೈಮ". ಮೊದಲನೆಯದು ಪದಕ್ಕೆ ಪದ ನಮ್ಮ "ಹೋಗಿ ಬರುತ್ತೇನೆ"ಯೇ: ಇತ್ತೆ ಎಂದರೆ ಹೋಗಿ, ಕಿಮಸು ಎಂದರೆ ಬರುತ್ತೇನೆ. ಕನ್ನಡದವರಿಗೆ ಇದನ್ನು ಬಾಯಿಪಾಠ ಮಾಡುವ ಕಷ್ಟವೇ ಇಲ್ಲ.

ಹಂತ 5: ಊಟದ ಮೇಜು

ಎಲ್ಲರೂ ಕೂರುವವರೆಗೆ ಕಾಯಿರಿ. ವಿಶ್ವಾಸಿಗಳ ಮನೆಯಲ್ಲಿ ಊಟದ ಪ್ರಾರ್ಥನೆ ಇರುತ್ತದೆ, ಅದಾದ ಮೇಲೆ "ಇತದಕಿಮಸು", ಮುಗಿದಾಗ "ಗೊಚಿಸೋಸಾಮ ದೆಶಿತ". ಪ್ರಾರ್ಥನೆ ಮಾಡಲು ನಿಮ್ಮನ್ನೇ ಕೇಳಿದರೆ ಚಿಕ್ಕದಾಗಿರಲಿ. ಸೂಪು ಆರುತ್ತಿರುತ್ತದೆ.

ಚಾಪ್‌ಸ್ಟಿಕ್ ಬಾರದಿದ್ದರೆ ಚಮಚ ಕೇಳಿ, ನಾಚಿಕೆ ಬೇಡ. ಬರುವುದಾದರೆ ಎರಡು ನಿಷೇಧ ನೆನಪಿರಲಿ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಬಾರದು, ಸತ್ತವರಿಗೆ ಎಡೆ ಇಡುವುದು ಹಾಗೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು, ದಹನದ ನಂತರ ಅಸ್ಥಿ ಎತ್ತುವುದು ಹಾಗೆ. ಬಟ್ಟಲನ್ನು ಕೈಯಲ್ಲೆತ್ತಿ ತಿನ್ನಬಹುದು, ನೂಡಲ್ಸನ್ನು ಸದ್ದು ಮಾಡಿ ಎಳೆಯಬಹುದು. ಬಿಳಿ ಅನ್ನದ ಮೇಲೆ ಸೋಯಾ ಸಾಸ್ ಸುರಿಯಬೇಡಿ.

ನಮ್ಮ ತಂಡದ ಹಿರಿಯರೊಬ್ಬರು ಮೊದಲ ಊಟಕ್ಕೇ ಜೇಬಿನಿಂದ ಚಟ್ನಿಪುಡಿ ತೆಗೆದು, ರುಚಿ ನೋಡುವ ಮೊದಲೇ ಮೀನಿನ ಮೇಲೆ ಉದುರಿಸಿದರು. ಮನೆಯೊಡತಿ ನಗುತ್ತಲೇ ಇದ್ದಳು. ಮಾರನೆಯ ದಿನ ಮೇಜಿನ ಮೇಲೆ ಒಣಮೆಣಸಿನ ಪುಡಿ, ಟೊಮ್ಯಾಟೊ ಸಾಸ್, ಕರಿಮೆಣಸು, ಟಬಾಸ್ಕೊ ಸಾಲಾಗಿ ನಿಂತಿದ್ದವು. ರಾತ್ರಿ ಅವಳು ಅಂಗಡಿಗೆ ಹೋಗಿ ಬಂದಿದ್ದಳು. ಚಟ್ನಿಪುಡಿ ಒಯ್ಯಿರಿ, ಆದರೆ ಅದರ ಜಾಗ ಕೋಣೆಯ ಪೆಟ್ಟಿಗೆ.

ನಮ್ಮವರ "ಬೇಡ, ಬೇಡ" ಇನ್ನೊಂದು ಸಮಸ್ಯೆ. ಮೂರನೇ ಸಲ ಬಲವಂತ ಮಾಡಿಸಿಕೊಂಡು ಒಪ್ಪುವುದು ನಮ್ಮ ರೂಢಿ. ಅಲ್ಲಿ ಎರಡನೇ ಸಲಕ್ಕೇ ನಂಬಿಬಿಡುತ್ತಾರೆ, ಆಮೇಲೆ ರಾತ್ರಿಯೆಲ್ಲ ಹಸಿವು. ಬೇಕಿದ್ದರೆ ಮೊದಲ ಸಲವೇ ಹೂಂ ಎನ್ನಿ.

ಊಟವಾದ ಮೇಲೆ ನಿಮ್ಮ ಬಟ್ಟಲುಗಳನ್ನು ತೊಟ್ಟಿಯವರೆಗೆ ಒಯ್ದಿಡಿ. ತೊಳೆಯಲೇ ಎಂದು ಒಮ್ಮೆ ಕೇಳಿ, ಬೇಡವೆಂದರೆ ಬಂದು ಕುಳಿತುಕೊಳ್ಳಿ. ಅಡುಗೆಮನೆಗೆ ನುಗ್ಗಿ ಸಹಾಯ ಮಾಡುವುದು ಅಲ್ಲಿ ಸಹಾಯವಲ್ಲ.

"ಒಂದು ದಿನ ನಾವೇ ಭಾರತೀಯ ಅಡುಗೆ ಮಾಡುತ್ತೇವೆ" ಎಂಬ ಆಸೆ ಎಲ್ಲ ತಂಡಕ್ಕೂ ಇರುತ್ತದೆ. ಮನೆಯಲ್ಲಿ ಬೇಡ. ಅರಿಶಿನ ಬಿದ್ದ ಬಿಳಿ ಕಟ್ಟೆ ಬಿಳಿಯಾಗಿ ಉಳಿಯುವುದಿಲ್ಲ, ಒಗ್ಗರಣೆಯ ಘಾಟು ಮೂರು ದಿನ ಪರದೆಯಲ್ಲಿರುತ್ತದೆ. ಸಭೆಯ ಅಡುಗೆಮನೆಯಲ್ಲಿ, ಮೊದಲೇ ದಿನ ಗೊತ್ತುಮಾಡಿ, ಸಾಮಾನಿನ ಪಟ್ಟಿ ಕಳಿಸಿ ಮಾಡಿ. ಖಾರ ಮನೆಯಲ್ಲಿ ಹಾಕುವುದರ ಕಾಲು ಭಾಗ ಸಾಕು.

ಹಂತ 6: ಸ್ನಾನ

ಇದನ್ನು ನಿಧಾನವಾಗಿ ಓದಿ. ಜಪಾನಿನ ಮನೆಯ ತೊಟ್ಟಿ ಮೈ ತೊಳೆಯುವುದಕ್ಕಲ್ಲ, ಮೈ ತೊಳೆದ ಮೇಲೆ ಬಿಸಿನೀರಿನಲ್ಲಿ ಕೂರುವುದಕ್ಕೆ. ಅದೇ ನೀರಿನಲ್ಲಿ ಇಡೀ ಮನೆ ಒಬ್ಬರಾದ ಮೇಲೊಬ್ಬರು ಕೂರುತ್ತದೆ. ಎಷ್ಟೋ ಮನೆಗಳಲ್ಲಿ ಉಳಿದ ನೀರು ಮರುದಿನ ಬಟ್ಟೆ ಒಗೆಯಲು ಹೋಗುತ್ತದೆ.

ಕ್ರಮ ಹೀಗೆ. ಹೊರಕೋಣೆಯಲ್ಲಿ ಬಟ್ಟೆ ಬಿಚ್ಚಿಡಿ. ಒಳಗೆ ಪುಟ್ಟ ಮಣೆಯ ಮೇಲೆ ಕುಳಿತು ಷವರಿನಲ್ಲಿ ಸಾಬೂನು ಹಚ್ಚಿ ತಲೆಯೂ ಸೇರಿ ತೊಳೆಯಿರಿ. ಒಂದು ನೊರೆಯೂ ಉಳಿಯಬಾರದು. ಉದ್ದ ಕೂದಲು ಎತ್ತಿ ಕಟ್ಟಿ. ಆಮೇಲೆ ಮುಚ್ಚಳ ಸರಿಸಿ ತೊಟ್ಟಿಗಿಳಿಯಿರಿ. ಟವೆಲ್ ನೀರಿಗೆ ತಾಗದಿರಲಿ. ನೀರು ಸುಮಾರು 40ರಿಂದ 42 ಡಿಗ್ರಿ ಇರುತ್ತದೆ, ಹತ್ತು ನಿಮಿಷ ಸಾಕು. ರಕ್ತದೊತ್ತಡ ಇರುವವರು ಸರಕ್ಕನೆ ಏಳಬೇಡಿ. ಹೊರಬಂದು ಮುಚ್ಚಳ ಮುಚ್ಚಿ, ನೆಲದಲ್ಲಿ ಬಿದ್ದ ಕೂದಲು ಹೆಕ್ಕಿ.

ತೊಟ್ಟಿಯ ಬಿರಡೆ ಮುಟ್ಟಬೇಡಿ. ನಮ್ಮ ತಂಡದ ಹುಡುಗನೊಬ್ಬ ಶಿಸ್ತಿನವನು. ತನ್ನ ನೀರು ತಾನೇ ಬಿಡಬೇಕೆಂದು ಬಿರಡೆ ಕಿತ್ತು, ತೊಟ್ಟಿ ಉಜ್ಜಿ, ಫಳಫಳ ಹೊಳೆಯುವಂತೆ ಮಾಡಿ ಬಂದ. ಅತಿಥಿಯೆಂದು ಅವನನ್ನೇ ಮೊದಲು ಕಳಿಸಿದ್ದರು. ಹಿಂದೆ ನಾಲ್ವರು ಕಾಯುತ್ತಿದ್ದರು. ಫೆಬ್ರುವರಿಯ ರಾತ್ರಿ, ಟವೆಲ್ ಹೆಗಲ ಮೇಲೆ ಹಾಕಿಕೊಂಡ ಅಜ್ಜ ತೊಟ್ಟಿ ಮತ್ತೆ ತುಂಬುವವರೆಗೆ ಹೀಟರಿನ ಮುಂದೆ ಕುಳಿತಿದ್ದರು, ಅಷ್ಟೂ ಹೊತ್ತು ಆ ಹುಡುಗನ ಶುಚಿತ್ವವನ್ನು ಹೊಗಳುತ್ತ.

ಮೊದಲ ಸರದಿ ಕೊಟ್ಟರೆ ತೆಗೆದುಕೊಳ್ಳಿ. ನೀವು ಸಂಕೋಚಪಟ್ಟು ತಡ ಮಾಡಿದಷ್ಟೂ ಎಲ್ಲರ ನಿದ್ದೆ ತಡ. ತಲೆಗೆ ಎಣ್ಣೆ ಹಚ್ಚುವ ಅಭ್ಯಾಸವನ್ನು ಈ ಹತ್ತು ದಿನ ಬಿಡಿ: ಕೊಬ್ಬರಿ ಎಣ್ಣೆಯ ತೆಳು ಪದರ ತೊಟ್ಟಿಯಲ್ಲೂ ಕಾಣುತ್ತದೆ, ದಿಂಬಿನಲ್ಲೂ ಕಾಣುತ್ತದೆ. ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ "ಶವಾ ದಕೆ", ಅಂದರೆ ಷವರ್ ಮಾತ್ರ ಎಂದರೆ ಸಾಕು. ಯಾರೂ ಕಾರಣ ಕೇಳುವುದಿಲ್ಲ.

ಹಂತ 7: ಹಾಸಿಗೆ, ಚಳಿ, ಕಸ

ಫುತೊನ್ ಹಾಸಿಗೆಯನ್ನು ಬೆಳಿಗ್ಗೆ ಮೂರು ಮಡಿಕೆ ಮಾಡಿ, ಎಲ್ಲಿಡಬೇಕೆಂದು ಕೇಳಿ ಇಡಿ. ಹಾಸಿದಂತೆಯೇ ಬಿಟ್ಟರೆ ಕೆಳಗಿನ ತತಾಮಿಗೆ ತೇವ ಹಿಡಿಯುತ್ತದೆ. ಬಹಳ ಮನೆಗಳಲ್ಲಿ ಬೆಚ್ಚಗಿರುವುದು ಎಲ್ಲರೂ ಕೂರುವ ಕೋಣೆ ಮಾತ್ರ, ಕೋಣೆಗಳ ನಡುವಿನ ಓಣಿ ಮತ್ತು ಮಲಗುವ ಕೋಣೆ ಮಂಜಿನಂತಿರುತ್ತವೆ. ಸೀಮೆಎಣ್ಣೆ ಹೀಟರನ್ನು ನೀವಾಗಿ ಹೊತ್ತಿಸಬೇಡಿ.

ಶೌಚಾಲಯದ ಕಾಗದ ಕಮೋಡಿಗೇ ಹಾಕುವಂಥದ್ದು. ನೀರು ಚಿಮ್ಮುವ ಗುಂಡಿ ಇರುವ ಕಮೋಡು ನಮಗೆ ವರದಾನ, ಆದರೆ ಯಾವುದು ಏನೆಂದು ಮೊದಲ ದಿನವೇ ತೋರಿಸಿಕೊಳ್ಳಿ.

ಕಸದ ನಿಯಮ ಊರಿಗೊಂದು ಇದೆ. ಸುಡುವುದು, ಪ್ಲಾಸ್ಟಿಕ್, ಬಾಟಲಿ, ಡಬ್ಬಿ ಬೇರೆ ಬೇರೆ, ಎತ್ತುವ ದಿನವೂ ಬೇರೆ. ಊಹಿಸಿ ಹಾಕಬೇಡಿ, ಕೇಳಿ ಹಾಕಿ. ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದೇ ಅಪರೂಪ, ಆಗ ನಿಮ್ಮ ಪ್ಲಾಸ್ಟಿಕ್ ಚೀಲ ನೆನಪಾಗುತ್ತದೆ.

ರಾತ್ರಿ ಎಲ್ಲ ಮೊಬೈಲುಗಳೂ ಒಟ್ಟಿಗೆ ಅರಚಿದರೆ ಅದು ಭೂಕಂಪದ ಮುನ್ಸೂಚನೆ. ಹೊರಗೆ ಓಡಬೇಡಿ. ಮೇಜಿನ ಕೆಳಗೆ ತಲೆ ಕಾಪಾಡಿಕೊಂಡು ಕುಳಿತು, ಕಂಪನ ನಿಂತ ಮೇಲೆ ಮನೆಯವರು ಹೇಳಿದಂತೆ ಮಾಡಿ. ಟಾರ್ಚ್ ಮತ್ತು ಚಪ್ಪಲಿ ಹಾಸಿಗೆಯ ಪಕ್ಕದಲ್ಲೇ ಇರಲಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 110.

ಹಂತ 8: ಸಭೆಯಲ್ಲಿ ಮತ್ತು ನೆರೆಹೊರೆಯಲ್ಲಿ

ಜಪಾನಿನಲ್ಲಿ ಕ್ರೈಸ್ತರು ಜನಸಂಖ್ಯೆಯ ಸುಮಾರು ಶೇಕಡಾ 1. ಭಾನುವಾರ ಇಪ್ಪತ್ತು ಮೂವತ್ತು ಜನ ಸೇರುವ ಸಭೆಗಳೇ ಬಹಳ, ಅವರಲ್ಲೂ ವಯಸ್ಸಾದವರು ಹೆಚ್ಚು. ಇದರ ಅರ್ಥ, ನೀವು ಉಳಿಯುವ ಮನೆಯಲ್ಲಿ ವಿಶ್ವಾಸಿ ಒಬ್ಬರೇ ಇರಬಹುದು. ಹೆಂಡತಿ ಸಭೆಗೆ ಬರುತ್ತಾಳೆ, ಗಂಡ ಬರುವುದಿಲ್ಲ, ಆದರೂ ನಿಮ್ಮನ್ನು ನಿಲ್ದಾಣದಿಂದ ಕರೆತರಲು ಕಾರು ತಂದವನು ಅವನೇ. ಒಳಕೋಣೆಯಲ್ಲಿ ಅವನ ತಂದೆತಾಯಿಯ ಹೆಸರಿನ ಬೌದ್ಧ ಪೀಠ ಇರಬಹುದು. ಅದರ ಬಗ್ಗೆ ಮಾತು ಬೇಡ, ಫೋಟೊ ಬೇಡ, ಅವನ ಮುಂದೆ ಉಪದೇಶವಂತೂ ಬೇಡ. ಅತಿಥಿಯಾಗಿ ಬಂದವರು ಆ ಮನೆಯೊಳಗಿನ ನಾಜೂಕಾದ ಹೊಂದಾಣಿಕೆಯನ್ನು ಕಲಕಿ ಹೋದರೆ, ಮುಂದಿನ ಭಾನುವಾರ ಕಷ್ಟ ಆ ಹೆಂಡತಿಗೆ.

ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಅನುಭವ, ಹೇಳುವವರು ಬರಹವನ್ನು ಎರಡು ವಾರ ಮೊದಲೇ ಭಾಷಾಂತರಕಾರರಿಗೆ ಕಳಿಸಿ, ವೇದಿಕೆಯ ಮೇಲೆ ಅದರಿಂದ ಹೊರಗೆ ಹೋಗಬೇಡಿ. ಐದು ನಿಮಿಷದ ಮಾತು ಭಾಷಾಂತರ ಸೇರಿ ಹತ್ತು ಆಗುತ್ತದೆ. "ಕತ್ತಲೆಯಲ್ಲಿರುವ ಈ ದೇಶ" ಎಂಬ ಬಗೆಯ ಮಾತು ನಮ್ಮಲ್ಲಿ ವಾಡಿಕೆಯಿರಬಹುದು. ಐವತ್ತು ವರ್ಷ ಆ ದೇಶದಲ್ಲೇ ನಂಬಿಕೆ ಕಾಪಾಡಿಕೊಂಡ ಅಜ್ಜಿ ಎದುರಿಗೆ ಕುಳಿತಿರುತ್ತಾಳೆ, ನೆನಪಿರಲಿ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಮೊದಲು ಅನುಮತಿ ಕೇಳಿ. ಪಾಸ್ಟರನ್ನು "ಸೆನ್ಸೆ" ಎಂದು, ಉಳಿದವರನ್ನು ಮನೆತನದ ಹೆಸರಿಗೆ "ಸಾನ್" ಸೇರಿಸಿ ಕರೆಯಿರಿ. ನಿಮ್ಮ ಹೆಸರಿಗೆ ನೀವೇ ಸಾನ್ ಹಚ್ಚಿಕೊಳ್ಳಬೇಡಿ.

ಆರಾಧನೆಯ ನಂತರದ ಊಟಕ್ಕೆ ಎಷ್ಟೋ ಸಭೆಗಳಲ್ಲಿ ಕರಿ ರೈಸ್, ಅಂದರೆ ಗಟ್ಟಿ ಮಸಾಲೆ ಸಾರು ಹಾಕಿದ ಅನ್ನ, ಇರುತ್ತದೆ. ಅದು ಅವರ ಮನೆಯಡುಗೆ. ನಮ್ಮ ಸಾಂಬಾರಿನ ಜೊತೆ ಹೋಲಿಸಲು ಹೋಗಬೇಡಿ.

ಕರಪತ್ರ ಹಂಚುವುದು, ಬೀದಿಯಲ್ಲಿ ಹಾಡುವುದು ಪಾಸ್ಟರ್ ಹೇಳಿದಲ್ಲಿ, ಹೇಳಿದ ಹೊತ್ತಿನಲ್ಲಿ ಮಾತ್ರ. ಕರಪತ್ರ ಬೇಡವೆಂದು ಚೀಟಿ ಅಂಟಿಸಿದ ಅಂಚೆಪೆಟ್ಟಿಗೆಗಳಿವೆ, ರಸ್ತೆ ಬಳಸಲು ಪೊಲೀಸರ ಅನುಮತಿ ಬೇಕಾಗುವ ಸಂದರ್ಭಗಳಿವೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಗಿಟಾರ್ ಹಿಡಿದು ಹಾಡಿದರೆ ದೂರು ಬರುವುದು ಆತಿಥೇಯರ ಬಾಗಿಲಿಗೆ.

ಕೆಲವು ಸಭೆಗಳು ಲಕೋಟೆಯಲ್ಲಿ ಪ್ರಯಾಣದ ವೆಚ್ಚವೆಂದು ಹಣ ಕೊಡುತ್ತವೆ. ಎದುರಿಗೆ ತೆರೆಯದೆ ತಂಡದ ಮುಖ್ಯಸ್ಥರಿಗೆ ಒಪ್ಪಿಸಿ. ಅಲ್ಪಾವಧಿಯ ವೀಸಾದಲ್ಲಿ ಸಂಪಾದನೆಗೆ ಅವಕಾಶವಿಲ್ಲ, ಹಾಗಾಗಿ ಏನು ಮಾಡಬೇಕೆಂದು ಅವರೂ ಪಾಸ್ಟರೂ ಕುಳಿತು ತೀರ್ಮಾನಿಸಲಿ.

ಎಚ್ಚರಿಕೆಯ ಗುರುತುಗಳು

ಹಲ್ಲಿನ ನಡುವೆ ಉಸಿರೆಳೆದು "ಚೊತ್ತೊ..." ಎಂದು ಮಾತು ಅರ್ಧಕ್ಕೇ ನಿಂತರೆ ಅದು ಆಗುವುದಿಲ್ಲ ಎಂಬ ಉತ್ತರ. ಮತ್ತೆ ಕೇಳಬೇಡಿ. ಯೋಚಿಸುತ್ತೇವೆ ಎಂದರೂ ಬಹುಮಟ್ಟಿಗೆ ಅದೇ. "ದಣಿದಿದ್ದೀರಾ?" ಎಂದು ರಾತ್ರಿ ಒಂಬತ್ತಕ್ಕೆ ಕೇಳಿದರೆ ದಣಿದವರು ಅವರು. ಕೋಣೆಗೆ ಹೋಗಿ.

ಅತ್ಯಂತ ಸ್ಪಷ್ಟವಾದ ಗುರುತು ಕಾಗದದ ಚೀಟಿ. ಬೆಳಿಗ್ಗೆ ಎದ್ದಾಗ ಸ್ನಾನದ ಗೋಡೆಯ ಮೇಲೋ ಕಸದ ಡಬ್ಬಿಯ ಮೇಲೋ ನಿನ್ನೆ ಇಲ್ಲದ ಚೀಟಿ, ಮುದ್ದಾದ ಇಂಗ್ಲಿಷ್ ಅಕ್ಷರಗಳಲ್ಲಿ, ಪಕ್ಕದಲ್ಲೊಂದು ನಗುವ ಮುಖದ ಚಿತ್ರದ ಸಮೇತ ಅಂಟಿದ್ದರೆ ಅದು ನಿಮಗೇ. ಬಿರಡೆಯ ಪ್ರಕರಣದ ಮರುದಿನ ನಮಗೂ ಬಂದಿತ್ತು. "ಸುಮಿಮಾಸೆನ್" ಎಂದು ಒಮ್ಮೆ ಕ್ಷಮೆ ಕೇಳಿ, ಅದರಂತೆ ನಡೆಯಿರಿ. ಯಾಕೆ ಹಾಗಾಯಿತೆಂದು ಉದ್ದ ವಿವರಣೆ ಕೊಡಬೇಡಿ. ಏನಾದರೂ ಒಡೆದರೆ ಆ ಕ್ಷಣವೇ ಹೇಳಿ.

ಹಂತ 9: ಹೊರಡುವುದು, ಮತ್ತು ಆಮೇಲೆ

ಹಿಂದಿನ ರಾತ್ರಿಯೇ ಪೆಟ್ಟಿಗೆ ಮುಗಿಸಿ. ಬೆಳಿಗ್ಗೆ ಹಾಸಿಗೆಯ ಹೊದಿಕೆ ಬಿಡಿಸಿ ಮಡಿಚಿಡಿ, ಕೋಣೆಯ ಕಸ ಒಟ್ಟುಮಾಡಿ. ಬಾಗಿಲಲ್ಲಿ "ಒಸೆವಾನಿ ನಾರಿಮಶಿತ" ಎನ್ನಿ, ನಿಮ್ಮ ಆರೈಕೆ ಪಡೆದೆವು ಎಂದು. ಕಾರು ಹೊರಟ ಮೇಲೂ ಅವರು ಒಳಗೆ ಹೋಗುವುದಿಲ್ಲ, ತಿರುವಿನವರೆಗೂ ನಿಂತಿರುತ್ತಾರೆ. ಮೊಬೈಲ್ ಕೆಳಗಿಟ್ಟು, ತಿರುವಿನಲ್ಲಿ ಇನ್ನೊಮ್ಮೆ ತಿರುಗಿ ತಲೆಬಾಗಿ.

"ಮುಂದಿನ ವರ್ಷ ಮತ್ತೆ ಬರುತ್ತೇವೆ" ಎಂದು ಬಾಯಿಮಾತಿಗೆ ಹೇಳಬೇಡಿ. ನನ್ನ ಮಾತನ್ನು ನಂಬಿ ಒಬ್ಬರು ಮರುವರ್ಷದ ಅಕ್ಟೋಬರಿನ ತಾರೀಕು ಕೇಳಿ ಡಿಸೆಂಬರಿನಲ್ಲೇ ಪತ್ರ ಬರೆದಿದ್ದರು.

ಮನೆ ತಲುಪಿದ ದಿನವೇ ಕ್ಷೇಮವೆಂದು ಸಂದೇಶ ಕಳಿಸಿ. ಅವರ ಮನೆಯ, ಮಕ್ಕಳ, ಸಭೆಯವರ ಫೋಟೊಗಳನ್ನು ಕೇಳದೆ ಫೇಸ್‌ಬುಕ್ಕಿಗೋ ಸಭೆಯ ವಾಟ್ಸ್‌ಆಪ್ ಗುಂಪಿಗೋ ಹಾಕಬೇಡಿ. ತಾವು ವಿಶ್ವಾಸಿಗಳೆಂದು ಕಚೇರಿಯಲ್ಲಿ ಹೇಳಿಕೊಳ್ಳದವರು ಅವರಲ್ಲಿರಬಹುದು.

ಒಂದು ವಾರದೊಳಗೆ ಕೈಬರಹದ ಕಾರ್ಡ್ ಅಂಚೆಗೆ ಹಾಕಿ, ತಂಡಕ್ಕೊಂದಲ್ಲ, ನೀವು ಉಳಿದುಕೊಂಡ ಪ್ರತಿ ಮನೆಗೊಂದು. ಎಲ್ಲದಕ್ಕೂ ವಂದನೆಗಳು ಎಂದು ಬರೆದು ಮುಗಿಸಬೇಡಿ. ಒಂದೇ ವಿಷಯ ಹಿಡಿದು ಬರೆಯಿರಿ: ಎರಡನೇ ದಿನದ ಸುಟ್ಟ ಮೀನು, ಹಾಸಿಗೆಯೊಳಗೆ ಯಾರೋ ಇಟ್ಟಿದ್ದ ಬಿಸಿನೀರಿನ ಚೀಲ, ಹೀಟರಿನ ಮುಂದೆ ಕುಳಿತಿದ್ದ ಅಜ್ಜ. ಕಾರ್ಡಿನೊಳಗೆ ಮನೆಯವರೆಲ್ಲ ಇರುವ ಒಂದು ಫೋಟೊ ಇಡಿ, ಗಂಡನೂ ಅದರಲ್ಲಿರಲಿ.